ತೊಂಬತ್ತು ರೂಪಾಯಿಯ ಪಾರ್ಸೆಲ್: ಶಿರಸಿಯ ಒಂದು ಕೊರಿಯರ್ ಏಜೆನ್ಸಿಯ ಲೆಕ್ಕ

ಶಿರಸಿಯಲ್ಲಿ ಸಣ್ಣ ಅಂಗಡಿಗಳ ಲೆಕ್ಕ ಬರೆಯುವುದು, ಜಿಎಸ್‌ಟಿ ರಿಟರ್ನ್ ಹಾಕುವುದು ನನ್ನ ಕೆಲಸ. ದೇವಿಕೆರೆ ಹತ್ತಿರದ ಒಂದು ಕೊರಿಯರ್ ಏಜೆನ್ಸಿಯ ಪುಸ್ತಕ ಪ್ರತಿ ವರ್ಷ ಮಾರ್ಚ್ ಮುಗಿದ ಮೇಲೆ ನನ್ನ ಮೇಜಿಗೆ ಬರುತ್ತದೆ. 2025ರಲ್ಲಿ ಮಾತ್ರ ಜೂನ್ ತಿಂಗಳಲ್ಲಿ ಮತ್ತೊಮ್ಮೆ ಬಂತು. ಹೊರಗೆ ಮಳೆ ಹೊಡೆಯುತ್ತಿತ್ತು. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿದ ಪುಸ್ತಕ ಹಿಡಿದು ಬಂದವರು ಮಾಲೀಕರಲ್ಲ, ಅವರ ಹೆಂಡತಿ. ನೆಂಟಸ್ತಿಕೆ ದೂರದ್ದಾದರೂ ನನಗೆ ಅವರು ಅತ್ತಿಗೆ, ಮಾಲೀಕರು ಅಣ್ಣ.

"ಗಿರಾಕಿ ಬತ್ತಾ ಇದ್ದ, ಪಾರ್ಸೆಲ್ ಹೋಗ್ತಾ ಇದ್ದು, ದುಡ್ಡು ಮಾತ್ರ ಇಲ್ಲೆ. ಎಲ್ಲಿ ಹೋತು ಹೇಳಿ ನೋಡಿಕೊಡು ತಮಾ" ಅಂದರು.

ದುಡ್ಡು ಎಲ್ಲಿ ಹೋಯಿತೆಂದು ಹುಡುಕಲು ಮೂರು ವಾರ ಹಿಡಿಯಿತು, ಸರಿಪಡಿಸಲು ಇನ್ನೂ ನಾಲ್ಕು ತಿಂಗಳು. ಸಣ್ಣ ಊರಿನಲ್ಲಿ ಈ ವ್ಯವಹಾರ ಮಾಡುತ್ತಿರುವವರಿಗೆ, ಕೈಹಾಕಬೇಕೆಂದಿರುವವರಿಗೆ ಉಪಯೋಗವಾಗಲಿ ಎಂದು ಅವರಿಬ್ಬರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು ಬೇಡವೆಂಬುದು ಅವರ ಷರತ್ತು. ಕಂಪನಿಗಳ ಹೆಸರನ್ನೂ ಬಿಟ್ಟಿದ್ದೇನೆ. ಇಲ್ಲಿನ ಮೊತ್ತಗಳು ಈ ಒಂದು ಏಜೆನ್ಸಿಯವು, ಸರಾಸರಿ ತೆಗೆದು ಸುತ್ತು ಹಾಕಿದವು. ಪಕ್ಕದ ಅಂಗಡಿಗೆ ಇವೇ ಹೊಂದುತ್ತವೆ ಎಂದು ತಿಳಿಯಬಾರದು. ಲೆಕ್ಕ ಹಾಕುವ ಬಗೆ ಮಾತ್ರ ಎಲ್ಲರಿಗೂ ಒಂದೇ.

ಅಂಗಡಿ ನಡೆಯುವ ಬಗೆ

ಬೆಳಗ್ಗೆ ಹುಬ್ಬಳ್ಳಿ ಹಬ್‌ನಿಂದ, ಅಂದರೆ ಪಾರ್ಸೆಲ್ ವಿಂಗಡಿಸುವ ಕೇಂದ್ರದಿಂದ, ಕೊರಿಯರ್ ಕಂಪನಿಯ ಗಾಡಿ ಬರುತ್ತದೆ. ಚೀಲ ಇಳಿಸಿ, ಒಂದೊಂದನ್ನೂ ಸ್ಕ್ಯಾನ್ ಮಾಡಿ, ದಾರಿ ಪ್ರಕಾರ ಬೇರ್ಪಡಿಸಿ ಕೊಟ್ಟರೆ ಇಬ್ಬರು ಹುಡುಗರು ಬೈಕ್ ಹತ್ತುತ್ತಾರೆ. ಒಬ್ಬ ಪೇಟೆಗೆ, ಒಬ್ಬ ಹಳ್ಳಿಗೆ. ಸಂಜೆ ಅದೇ ಗಾಡಿ ಇಲ್ಲಿ ಬುಕ್ ಆದದ್ದನ್ನು ಒಯ್ಯುತ್ತದೆ. ಶಿರಸಿಗೆ ರೈಲಿಲ್ಲ. ಕೊಂಕಣ ರೈಲ್ವೆ ಘಟ್ಟದ ಕೆಳಗೆ ಕುಮಟಾ, ಅಂಕೋಲಾ, ಕಾರವಾರ ಹಾದು ಹೋಗುತ್ತದೆ. ನಮಗೆ ಏನೇ ಬಂದರೂ ರಸ್ತೆ ಮೇಲೇ ಬರಬೇಕು.

ಆದಾಯ ಎರಡು ಬಗೆ. ಮೊದಲನೆಯದು ಬುಕಿಂಗ್. ಬೆಂಗಳೂರಿಗೆ ಒಂದು ಕೆಜಿವರೆಗೆ ₹90, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ ₹106.20. ಆ ತೊಂಬತ್ತರಲ್ಲಿ ₹58 ಕಂಪನಿಗೆ, ₹32 ಏಜೆನ್ಸಿಗೆ. ಒಂದು ಕೆಜಿ ದಾಟಿದರೆ ಪ್ರತಿ ಕೆಜಿಗೆ ಗಿರಾಕಿಯಿಂದ ₹60 ತೆಗೆದುಕೊಂಡು ಕಂಪನಿಗೆ ₹40 ಕೊಡಬೇಕು. ದೊಡ್ಡ ಡಬ್ಬಗಳಲ್ಲಿ ಸ್ವಲ್ಪ ಹೆಚ್ಚು ಸಿಕ್ಕಿದರೂ ಕಾಯಂ ಗಿರಾಕಿಗಳಿಗೆ ಬಿಡುವ ಐದು ಹತ್ತು ರೂಪಾಯಿಯಲ್ಲಿ ಅದು ಕರಗಿ, ಒಟ್ಟು ಸರಾಸರಿ ಮತ್ತೆ ₹32ಕ್ಕೇ ಬಂದು ನಿಲ್ಲುತ್ತಿತ್ತು.

ಎರಡನೆಯದು ಡೆಲಿವರಿ. ಹೊರಗಿನಿಂದ ಬಂದ ಪಾರ್ಸೆಲ್ ಮನೆ ಮುಟ್ಟಿಸಿದರೆ ಕಂಪನಿ ₹14 ಕೊಡುತ್ತದೆ. ಪೇಟೆಯಿಂದ ದೂರದ ಹಳ್ಳಿಯಾದರೆ ಇನ್ನೂ ₹6. ಮುಟ್ಟಿಸಲಾಗದೆ ವಾಪಸು ಹೋದರೆ ಏನೂ ಇಲ್ಲ. ಈ ದರ ಕಂಪನಿ ಬರೆದದ್ದು, ಏಜೆನ್ಸಿಗೆ ಚೌಕಾಸಿ ಮಾಡುವ ಜಾಗವೇ ಇರಲಿಲ್ಲ.

2024ರ ಕೊನೆಯಲ್ಲಿ ತಿಂಗಳಿಗೆ 26 ದಿನ, ದಿನಕ್ಕೆ 52 ಬುಕಿಂಗ್. ಅಂದರೆ 1,352 ಪಾರ್ಸೆಲ್, ₹43,264. ಬಾಡಿಗೆ, ಕೌಂಟರ್‌ನಲ್ಲಿ ಕೂರುವ ಹುಡುಗಿಯ ₹11,000 ಸಂಬಳ, ಕರೆಂಟು, ಇಂಟರ್ನೆಟ್, ಲೇಬಲ್ ರೋಲು, ಟೇಪು ಎಲ್ಲ ಸೇರಿ ₹24,500 ಕಳೆದರೆ ₹18,764 ಉಳಿಯುತ್ತದೆ. ಅಣ್ಣ ಇಷ್ಟನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಡೆಲಿವರಿಯದ್ದು "ಹೆಂಗೋ ಸರಿ ಹೋಗ್ತು" ಎಂದು ಬಿಟ್ಟಿದ್ದರು. ಅದನ್ನು ಬೇರೆಯಾಗಿ ಯಾರೂ ಬರೆದಿರಲಿಲ್ಲ.

ಬರೆದಾಗ ಕಂಡದ್ದು ಇದು. ಪೇಟೆಯ ಹುಡುಗ ದಿನಕ್ಕೆ 55 ಪಾರ್ಸೆಲ್ ಒಯ್ದು 48 ಮುಟ್ಟಿಸುತ್ತಾನೆ, ಓಡುವುದು 28 ಕಿಮೀ. ದಿನದ ₹500 ಸಂಬಳ, ಪೆಟ್ರೋಲ್ ಲೀಟರಿಗೆ ₹103ರ ಲೆಕ್ಕದಲ್ಲಿ, ಬೈಕಿನ ಸವಕಳಿ, ಫೋನು ಸೇರಿ ಖರ್ಚು ₹620. ಬರುವುದು ₹672. ದಿನಕ್ಕೆ ₹52 ಲಾಭ, ತಿಂಗಳಿಗೆ ₹1,352. ಹಳ್ಳಿಯ ಹುಡುಗ 90 ಕಿಮೀ ಓಡಿ 14 ಮುಟ್ಟಿಸುತ್ತಾನೆ. ಖರ್ಚು ₹852, ಬರುವುದು ₹280. ದಿನಕ್ಕೆ ₹572 ಕೈಯಿಂದ ಹೋಗುತ್ತಿದೆ, ತಿಂಗಳಿಗೆ ₹14,872.

ಎರಡನ್ನೂ ಸೇರಿಸಿದರೆ ಡೆಲಿವರಿಯಲ್ಲಿ ತಿಂಗಳಿಗೆ ₹13,520 ನಷ್ಟ. ಬುಕಿಂಗ್‌ನ ₹18,764 ಅದರಲ್ಲಿ ಕರಗಿ ಕೊನೆಗೆ ಉಳಿಯುತ್ತಿದ್ದುದು ₹5,244. ಬೆಳಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಗಂಡ ಹೆಂಡತಿ ಇಬ್ಬರೂ ದುಡಿದದ್ದಕ್ಕೆ. ಇದು ಸ್ಪರ್ಧೆ ಶುರುವಾಗುವ ಮೊದಲಿನ ಸ್ಥಿತಿ ಎಂಬುದನ್ನು ಗಮನಿಸಬೇಕು. ಎದುರು ಅಂಗಡಿ ಬಂದು ಇವರನ್ನು ಕೆಡಿಸಿತು ಎಂದು ಊರಿನಲ್ಲಿ ಮಾತಿತ್ತು. ಪುಸ್ತಕ ಹಾಗೆ ಹೇಳುವುದಿಲ್ಲ.

ಐವತ್ತೊಂಬತ್ತರ ಬೋರ್ಡು

2025ರ ಜನವರಿಯಲ್ಲಿ ಅದೇ ರಸ್ತೆಯಲ್ಲಿ ಬೇರೆ ಕಂಪನಿಯ ಕೌಂಟರ್ ತೆರೆಯಿತು. ಹೊರಗೆ ಬೋರ್ಡು: ಬೆಂಗಳೂರಿಗೆ ₹59. ವಾರ ಕಳೆಯುವುದರೊಳಗೆ ಗಿರಾಕಿಗಳ ಬಾಯಲ್ಲಿ ಒಂದೇ ಮಾತು: "ಆಚೆ ಐವತ್ತೊಂಬತ್ತಡ, ಇಲ್ಲಿ ಎಂತಕ್ಕೆ ತೊಂಬತ್ತು?" ದಿನಕ್ಕೆ 52 ಇದ್ದ ಬುಕಿಂಗ್ 36ಕ್ಕೆ ಇಳಿಯಿತು.

ಫೆಬ್ರವರಿಯಲ್ಲಿ ಅಣ್ಣ ₹90 ಅನ್ನು ₹70 ಮಾಡಿದರು. ಬುಕಿಂಗ್ 48ಕ್ಕೆ ಏರಿತು. ಅಂಗಡಿ ತುಂಬಿದಂತೆ ಕಂಡಿತು, ಮನಸ್ಸಿಗೂ ಧೈರ್ಯ ಬಂತು. ಆದರೆ ಕಂಪನಿಯ ₹58 ಇಳಿಯಲಿಲ್ಲವಲ್ಲ. ಇಪ್ಪತ್ತೂ ರೂಪಾಯಿ ಏಜೆನ್ಸಿಯ ಮೂವತ್ತೆರಡರಿಂದಲೇ ಹೋಗಬೇಕು. ಉಳಿದದ್ದು ಪಾರ್ಸೆಲ್‌ಗೆ ₹12. ತಿಂಗಳಿಗೆ 1,248 ಪಾರ್ಸೆಲ್, ₹14,976. ಅಂಗಡಿ ಖರ್ಚು ₹24,500, ಡೆಲಿವರಿ ನಷ್ಟ ₹13,520. ಒಟ್ಟು ತಿಂಗಳಿಗೆ ₹23,044 ನಷ್ಟ.

ದರ ಇಳಿಸದೆ 36 ಬುಕಿಂಗ್‌ನಲ್ಲೇ ಕೂತಿದ್ದರೆ? 936 ಪಾರ್ಸೆಲ್‌ಗೆ ₹32ರಂತೆ ₹29,952. ಅದೇ ಖರ್ಚು ಕಳೆದರೆ ನಷ್ಟ ₹8,068. ನಷ್ಟವೇ, ಆದರೆ ಮೂರನೇ ಒಂದು ಪಾಲು. ₹12 ಉಳಿಸಿಕೊಂಡು ಆ ₹29,952 ಗಳಿಸಬೇಕಾದರೆ ದಿನಕ್ಕೆ 96 ಬುಕಿಂಗ್ ಬೇಕು. ಜಾತ್ರೆ ವರ್ಷದಲ್ಲೂ ಆ ಅಂಗಡಿಯಲ್ಲಿ ದಿನಕ್ಕೆ 96 ಆದದ್ದಿಲ್ಲ. ಈ ಒಂದು ಭಾಗಾಕಾರವನ್ನು ಫೆಬ್ರವರಿಯಲ್ಲೇ ಮಾಡಿದ್ದರೆ ನಾಲ್ಕು ತಿಂಗಳ ಸಾಲ ತಪ್ಪುತ್ತಿತ್ತು. ದರ ಇಳಿಸುವ ಮೊದಲು ಕೇಳಬೇಕಾದದ್ದು ಎಷ್ಟು ಗಿರಾಕಿ ವಾಪಸು ಬರುತ್ತಾರೆ ಎಂದಲ್ಲ, ಎಷ್ಟು ಬಂದರೆ ಸಾಕು ಎಂದು.

ಎದುರಿನವರು ₹59ಕ್ಕೆ ಹೇಗೆ ಒಯ್ಯುತ್ತಾರೆ ಎಂಬುದು ನನಗೆ ಅರ್ಥವಾಗಲಿಲ್ಲ. ಒಂದು ಮಧ್ಯಾಹ್ನ ನಾನೇ ಒಂದು ಕೆಜಿ ಕಾಳುಮೆಣಸು ಕಟ್ಟಿಕೊಂಡು ಆ ಕೌಂಟರಿಗೆ ಹೋದೆ. ಬೆಂಗಳೂರಿನಲ್ಲಿರುವ ತಂಗಿಗೆ ಹೇಗೂ ಕಳಿಸಬೇಕಿತ್ತು. ತಕ್ಕಡಿಯಲ್ಲಿ ಇಟ್ಟರು, ಬಿಲ್ ಬಂತು. ₹59 ಎಂಬುದು ಅರ್ಧ ಕೆಜಿಯ ದರ. ಇನ್ನರ್ಧ ಕೆಜಿಗೆ ₹28. ಎರಡರ ಮೇಲೆ ಶೇ. 10 ಇಂಧನ ಸರ್ಚಾರ್ಜ್. ಅದರ ಮೇಲೆ ಜಿಎಸ್‌ಟಿ. ಒಟ್ಟು ₹112.93. ಅಣ್ಣನ ಹಳೆಯ ದರದಲ್ಲಿ ಇದೇ ಪಾರ್ಸೆಲ್‌ಗೆ ₹106.20 ಆಗುತ್ತಿತ್ತು!

ಬಿಲ್ ತಂದು ಅಣ್ಣನ ಮುಂದೆ ಇಟ್ಟೆ. ಅವರು ಅದನ್ನು ಎರಡು ಸಲ ಓದಿದರು, ಕ್ಯಾಲ್ಕುಲೇಟರ್ ತೆಗೆದು ಮತ್ತೊಮ್ಮೆ ಕೂಡಿದರು, ಏನೂ ಮಾತಾಡಲಿಲ್ಲ.

ಆಚೆಯವರು ಅನ್ಯಾಯ ಮಾಡಿದ್ದಾರೆಂದು ನಾನು ಹೇಳುವುದಿಲ್ಲ. ಅರ್ಧ ಕೆಜಿಗೆ ಅವರದ್ದು ನಿಜಕ್ಕೂ ಅಗ್ಗ: ತೆರಿಗೆಯೆಲ್ಲ ಸೇರಿ ₹76.58. ಅಣ್ಣನ ಅಂಗಡಿಯಲ್ಲಿ ಅರ್ಧ ಕೆಜಿಯ ದರವೇ ಇರಲಿಲ್ಲ. ಒಂದು ರಾಖಿ ಲಕೋಟೆ ಕೊಟ್ಟರೂ ಒಂದು ಕೆಜಿ ದರ, ಕಂಪ್ಯೂಟರಿನಲ್ಲೂ ಅದೇ ಸ್ಲ್ಯಾಬ್, ಅಂದರೆ ತೂಕದ ಹಂತ. ಕಂಪನಿಯ ದರಪಟ್ಟಿ ತೆರೆದು ನೋಡಿದರೆ ಏಜೆನ್ಸಿಗಳಿಗೆ ಅರ್ಧ ಕೆಜಿಯ ಸ್ಲ್ಯಾಬ್ ಮೊದಲಿನಿಂದಲೂ ಇದೆ; ಕಂಪನಿಯ ಪಾಲು ₹42. ಯಾರೂ ಬಳಸಿರಲಿಲ್ಲ. ಬುಕಿಂಗ್ ರಿಜಿಸ್ಟರ್ ತಿರುವಿದಾಗ ಜನವರಿಯಲ್ಲಿ ತಪ್ಪಿಹೋದ ಹದಿನಾರರಲ್ಲಿ ಹೆಚ್ಚಿನವು ಕಾಗದಪತ್ರ, ಔಷಧ, ಬಟ್ಟೆಯ ಸಣ್ಣ ಪೊಟ್ಟಣ. ಕೆಜಿಗಟ್ಟಲೆ ಡಬ್ಬ ಕಳಿಸುವವರು ಎಲ್ಲೂ ಹೋಗಿರಲಿಲ್ಲ. ಅವರಿಗೂ ಇಪ್ಪತ್ತು ರೂಪಾಯಿ ಬಿಟ್ಟುಕೊಟ್ಟದ್ದು ಶುದ್ಧ ನಷ್ಟ.

ಹಪ್ಪಳದ ಡಬ್ಬ

ಜೂನ್‌ನಲ್ಲಿ ಅತ್ತಿಗೆ ಗಾಬರಿಯಾಗಿ ಬಂದದ್ದಕ್ಕೆ ಇನ್ನೊಂದು ಕಾರಣವಿತ್ತು. ಏಪ್ರಿಲ್‌ನಲ್ಲಿ ಕಳಿಸಿದ ಪಾರ್ಸೆಲ್‌ಗಳಿಗೆ ಕಂಪನಿಯಿಂದ ಡೆಬಿಟ್ ನೋಟ್, ಅಂದರೆ ಏಜೆನ್ಸಿ ಇನ್ನೂ ಇಷ್ಟು ಕೊಡಬೇಕೆಂಬ ಚೀಟಿ, ಬಂದಿತ್ತು: ₹7,400. ಕಾರಣದ ಕಾಲಂನಲ್ಲಿ "ತೂಕ ವ್ಯತ್ಯಾಸ". ಹಿಂದಿನ ವರ್ಷಗಳಲ್ಲೂ ಇಂಥವು ಬಂದಿದ್ದವು. ಪುಸ್ತಕದಲ್ಲಿ "ಇತರೆ" ಎಂಬ ತಲೆಬರಹದಡಿ ಬಿದ್ದಿದ್ದವು. ಅದು ನನ್ನ ತಪ್ಪೂ ಹೌದು. ವರ್ಷದ ಕೊನೆಗೆ ಮೊತ್ತ ನೋಡಿದೆ, ಯಾಕೆ ಎಂದು ಕೇಳಲಿಲ್ಲ.

ಏಪ್ರಿಲ್, ಮೇ ಎಂದರೆ ನಮ್ಮಲ್ಲಿ ಹಲಸಿನ ಹಪ್ಪಳದ ಕಾಲ. ಅಂಗಳದಲ್ಲಿ ಚಾಪೆ ಹಾಸಿ ಒಣಗಿಸಿ, ನೂರರ ಕಟ್ಟು ಕಟ್ಟಿ ಬೆಂಗಳೂರು, ಪುಣೆ, ಮುಂಬೈಯಲ್ಲಿರುವ ಮಕ್ಕಳಿಗೆ ಕಳಿಸುತ್ತಾರೆ. ಮಾರುವುದಕ್ಕೇ ಮಾಡುವ ಮನೆಗಳೂ ಬೇಕಾದಷ್ಟಿವೆ. ಹಪ್ಪಳ ಹಗುರ, ಆದರೆ ಜಾಗ ತಿನ್ನುತ್ತದೆ. ಗಾಡಿಯಲ್ಲಿ ಜಾಗವೇ ದುಡ್ಡು. ಅದಕ್ಕಾಗಿ ಕಂಪನಿಗಳು ಎರಡು ತೂಕ ನೋಡುತ್ತವೆ. ಒಂದು ತಕ್ಕಡಿಯದು. ಇನ್ನೊಂದು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿದ್ದು. ವಾಲ್ಯೂಮೆಟ್ರಿಕ್ ತೂಕ ಅನ್ನುವುದು ಇದನ್ನೇ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್. ಭಾಗಿಸುವ ಸಂಖ್ಯೆ ಎಲ್ಲ ಸೇವೆಗೂ ಒಂದೇ ಅಲ್ಲ. ಈ ಏಜೆನ್ಸಿಯ ಕರಾರಿನಲ್ಲಿ 5,000 ಇತ್ತು. ಹಬ್‌ನಲ್ಲಿ ಯಂತ್ರವೇ ಅಳೆಯುತ್ತದೆ. ಶಿರಸಿಯ ಕೌಂಟರಿನಲ್ಲಿ ತಕ್ಕಡಿ ಮಾತ್ರ.

ಜೂನ್‌ನಲ್ಲೂ ಅಲ್ಲೊಂದು ಇಲ್ಲೊಂದು ಹಪ್ಪಳದ ಡಬ್ಬ ಬರುತ್ತಿತ್ತು. ಒಂದನ್ನು ಮೇಜಿನ ಮೇಲಿಟ್ಟು ಬಟ್ಟೆ ಅಳೆಯುವ ಟೇಪ್ ಹಿಡಿದೆವು. ಕಿರಾಣಿ ಅಂಗಡಿಯ ಹಳೆ ಸಾಬೂನು ಡಬ್ಬ: 45, 35, 25. ಗುಣಿಸಿದರೆ 39,375. ಐದು ಸಾವಿರದಿಂದ ಭಾಗಿಸಿದರೆ 7.9, ಬಿಲ್‌ಗೆ 8 ಕೆಜಿ. ಒಳಗಿದ್ದದ್ದು ನೂರರ ನಾಲ್ಕು ಕಟ್ಟು, ಸುತ್ತ ತುರುಕಿದ ಹಳೆ ಪೇಪರ್. ತಕ್ಕಡಿಯಲ್ಲಿ 3.4 ಕೆಜಿ. ನಾಲ್ಕು ಕೆಜಿಯೆಂದು ಹಿಡಿದು ಗಿರಾಕಿಯಿಂದ, ಹಳೆಯ ದರದಲ್ಲೇ ನೋಡಿದರೂ, ತೆಗೆದುಕೊಳ್ಳುತ್ತಿದ್ದುದು ₹270. ಎಂಟು ಕೆಜಿಗೆ ಕಂಪನಿಗೆ ಕೊಡಬೇಕಾದದ್ದು ₹338. ₹92 ಲಾಭವಾಯಿತೆಂದು ಬರೆದಿಟ್ಟ ಪ್ರತಿ ಡಬ್ಬದಲ್ಲೂ ₹68 ಹೋಗುತ್ತಿತ್ತು. ತಿಳಿಯುವುದು ಎರಡು ತಿಂಗಳ ನಂತರ.

ಗಿರಾಕಿಯಿಂದ ಎಂಟು ಕೆಜಿಯ ದುಡ್ಡು ಕೇಳುವುದು ನಿಯಮದ ಪ್ರಕಾರ ಸರಿ. ಆದರೆ ಮೂರೂವರೆ ಕೆಜಿ ಹಪ್ಪಳಕ್ಕೆ ಐನೂರರ ಮೇಲೆ ಬಿಲ್ ಮಾಡಿದರೆ ಯಾರು ಕಳಿಸುತ್ತಾರೆ? ದಾರಿ ತೋರಿಸಿದವರು ಅತ್ತಿಗೆ. ಹಪ್ಪಳದ ಅಗಲ ಹೆಚ್ಚುಕಡಿಮೆ 16 ಸೆಂಮೀ. ನಾಲ್ಕು ಕಟ್ಟನ್ನು ಎರಡೆರಡಾಗಿ ನಿಲ್ಲಿಸಿದರೆ 32ಕ್ಕೆ 32, ಎತ್ತರ 18. ಆ ಅಳತೆಯ ರಟ್ಟಿನ ಡಬ್ಬವನ್ನು ಹುಬ್ಬಳ್ಳಿಯಿಂದ ತರಿಸಿದೆವು, ಒಂದಕ್ಕೆ ₹22. ಗುಣಾಕಾರ ಮಾಡಿದರೆ 18,432, ಭಾಗಿಸಿದರೆ 3.7. ಬಿಲ್ ನಾಲ್ಕೇ ಕೆಜಿ. ಅದೇ ಹಪ್ಪಳ, ಅದೇ ಗಾಡಿ, ಜಾಗ ಅರ್ಧ. ಒಳಗೆ ಅಲ್ಲಾಡದ್ದರಿಂದ ಒಡೆಯುವುದೂ ಕಡಿಮೆಯಾಯಿತು.

ಡಬ್ಬದ ₹22 ಕೇಳಿದಾಗ ಮೊದಲ ವಾರ ತಕರಾರು ಬಂತು. ಅತ್ತಿಗೆ ಟೇಪ್ ಹಿಡಿದು ಗಿರಾಕಿಯ ಎದುರೇ ಅಳೆದು ತೋರಿಸುತ್ತಿದ್ದರು: "ನೋಡಕ್ಕ, ಇದು ತೂಕಕ್ಕೆ ಬತ್ತಿಲ್ಲೆ, ಜಾಗಕ್ಕೆ ಬತ್ತು." ನೋಡಿದವರಿಗೆ ಅರ್ಥವಾಯಿತು. ಕೆಲವರು ಖಾಲಿ ಡಬ್ಬ ಹತ್ತು ಹದಿನೈದು ಒಟ್ಟಿಗೆ ಮನೆಗೆ ಒಯ್ಯತೊಡಗಿದರು.

ಹಳ್ಳಿ ದಾರಿ

ಇಡೀ ಪ್ರಕರಣದ ಗಂಟು ಇರುವುದು ಇಲ್ಲಿ ಎಂದು ನನ್ನ ಅಭಿಪ್ರಾಯ.

ಬಯಲುಸೀಮೆಯ ಊರೆಂದರೆ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಒಂದು ಕಡೆ ಬೈಕ್ ನಿಲ್ಲಿಸಿದರೆ ಹತ್ತು ಪಾರ್ಸೆಲ್ ಖಾಲಿ. ನಮ್ಮಲ್ಲಿ ಹಾಗಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಒಂದು ಗುಡ್ಡ, ಒಂದು ತೋಟ, ಒಂದು ಸಂಕ. ವಿಳಾಸದಲ್ಲಿ ಮನೆ ಹೆಸರು, ಊರಿನ ಹೆಸರು, 581 ಎಂದು ಶುರುವಾಗುವ ಪಿನ್ ಕೋಡ್. ರಸ್ತೆ ಹೆಸರಿಲ್ಲ, ಮನೆ ನಂಬರಿಲ್ಲ. ಮುಖ್ಯರಸ್ತೆಯಿಂದ ಒಳಗೆ ಎರಡು ಕಿಮೀ ಮಣ್ಣುದಾರಿಯಲ್ಲಿ ಹೋಗಿ ಮುಟ್ಟಿಸುವುದು ಒಂದು ಮೊಬೈಲ್ ಕವರ್. ಅದಕ್ಕೆ ₹20.

ಅಷ್ಟು ದೂರ ಹೋದ ಮೇಲೆ ನೆಟ್‌ವರ್ಕ್ ಇಲ್ಲ. ಒಟಿಪಿ ಹೇಳದೆ ಪಾರ್ಸೆಲ್ ಕೊಡುವಂತಿಲ್ಲ, ಒಟಿಪಿ ಬರಬೇಕಾದರೆ ಮನೆಯವರು ಫೋನ್ ಹಿಡಿದು ಧರೆಯ ದಿಬ್ಬ ಹತ್ತಿ ಅಡಿಕೆ ಮರಗಳ ನಡುವೆ ಸಿಗ್ನಲ್ ಹುಡುಕಬೇಕು. ಹುಡುಗ ಅಲ್ಲಿಯವರೆಗೆ ಅಂಗಳದಲ್ಲಿ ಮಳೆಗೆ ನೆನೆಯುತ್ತ ನಿಂತಿರುತ್ತಾನೆ. ಒಂದು ಪಾರ್ಸೆಲ್‌ಗೆ ಇಪ್ಪತ್ತು ನಿಮಿಷ ಹೋದದ್ದನ್ನು ನಾನೇ ಜೊತೆಗೆ ಹೋದ ದಿನ ನೋಡಿದೆ. ಆ ದಿನ ಅವನು 18 ಒಯ್ದು 14 ಕೊಟ್ಟ. ಉಳಿದ ನಾಲ್ಕರಲ್ಲಿ ಮೂರು ಕ್ಯಾಶ್ ಆನ್ ಡೆಲಿವರಿ, ಮನೆಯಲ್ಲಿ ದುಡ್ಡಿರಲಿಲ್ಲ ಅಥವಾ ತರಿಸಿದವರು ಇರಲಿಲ್ಲ. ನಾಲ್ಕಕ್ಕೂ ಪೆಟ್ರೋಲ್ ಹೋಯಿತು, ಕಂಪನಿಯಿಂದ ಬಂದದ್ದು ಸೊನ್ನೆ.

ಅಗ್ಗದ ಡೆಲಿವರಿ ಎಂದು ನಾವು ಕರೆಯುವುದರ ಭಾರವೆಲ್ಲ ಕೊನೆಗೆ ಈ ಹುಡುಗರ ಬೆನ್ನಿನ ಮೇಲೆ ಇಳಿಯುತ್ತದೆ. ಪಾರ್ಸೆಲ್‌ಗೆ ಇಷ್ಟು ಎಂದು ಕೊಟ್ಟು ಸಂಬಳ ನಿಲ್ಲಿಸುವ ಸಲಹೆ ಕಂಪನಿಯ ಏರಿಯಾ ಮ್ಯಾನೇಜರ್ ಕಡೆಯಿಂದ ಬಂದಿತ್ತು. ಅಣ್ಣ ಒಪ್ಪಲಿಲ್ಲ. ಹಾಗೆ ಮಾಡಿದರೆ ನಷ್ಟ ಕಡಿಮೆಯಾಗುವುದಿಲ್ಲ, ಹುಡುಗನ ಮನೆಗೆ ಹೋಗುತ್ತದೆ ಅಷ್ಟೆ.

ಬೇರೆ ದಾರಿಗೆ ಒಂದು ಸರಳ ಲೆಕ್ಕ ಸಾಕಾಯಿತು. ಒಂದು ಸುತ್ತಿನ ಖರ್ಚು ಹತ್ತು ಪಾರ್ಸೆಲ್ ಒಯ್ದರೂ ಅಷ್ಟೇ, ಮೂವತ್ತು ಒಯ್ದರೂ ಹೆಚ್ಚುಕಡಿಮೆ ಅಷ್ಟೇ. ಆಗಸ್ಟ್‌ನಿಂದ ಹಳ್ಳಿಗೆ ದಿನಾ ಹೋಗುವುದು ನಿಂತು ಸೋಮವಾರ, ಬುಧವಾರ, ಶುಕ್ರವಾರ ಆಯಿತು. ಹುಲೇಕಲ್ ಕಡೆ, ಬನವಾಸಿ ಕಡೆ ನಾಲ್ಕು ಜಾಗ ಗೊತ್ತು ಮಾಡಿದೆವು: ಎರಡು ಕಿರಾಣಿ ಅಂಗಡಿ, ಒಂದು ಹಾಲಿನ ಡೇರಿಯ ಪಕ್ಕದ ಚಹಾ ಅಂಗಡಿ, ಒಂದು ಸೊಸೈಟಿ ಎದುರಿನ ಝೆರಾಕ್ಸ್ ಅಂಗಡಿ. ಹಾಲು ಹಾಕಲು, ರೇಷನ್ ತರಲು ಜನ ಅಲ್ಲಿಗೆ ಹೇಗೂ ಬರುತ್ತಾರೆ. ಮೊದಲೇ ಫೋನ್ ಮಾಡಿ ಕೇಳುವುದು, ಒಪ್ಪಿದವರ ಪಾರ್ಸೆಲ್ ಅಲ್ಲಿಡುವುದು. ಅಂಗಡಿಯವರಿಗೆ ಒಂದಕ್ಕೆ ₹6. ಆ ಜಾಗಗಳಲ್ಲಿ ಸಿಗ್ನಲ್ ಇರುವುದರಿಂದ ಒಟಿಪಿಯ ಗೋಳೂ ತಪ್ಪಿತು. ವಯಸ್ಸಾದವರಿಗೆ, ಔಷಧ ತರಿಸುವವರಿಗೆ ಮಾತ್ರ ಮನೆಗೇ.

ಈಗ ಒಂದು ಸುತ್ತಿಗೆ 28 ಪಾರ್ಸೆಲ್ ಮುಟ್ಟುತ್ತದೆ, ಅದರಲ್ಲಿ 18 ಅಂಗಡಿಗಳಲ್ಲಿ. ಒಳದಾರಿ ತಪ್ಪಿದ್ದರಿಂದ ಓಟ 70 ಕಿಮೀ. ಅಂಗಡಿಯವರ ₹108 ಸೇರಿ ಖರ್ಚು ₹883, ಬರುವುದು ₹560. ಸುತ್ತಿಗೆ ₹323ರಂತೆ ತಿಂಗಳ 13 ಸುತ್ತಿಗೆ ₹4,199 ನಷ್ಟ. ಮೊದಲು ₹14,872 ಇತ್ತು. ನಷ್ಟ ಪೂರ್ತಿ ಹೋಗಲಿಲ್ಲ. ₹20ರ ದರದಲ್ಲಿ ಹೋಗುವುದೂ ಇಲ್ಲ.

ಆದರೆ ಬೈಕ್ ವಾಪಸು ಬರುವಾಗ ಖಾಲಿ ಇರುತ್ತಿತ್ತಲ್ಲ, ಅದು ತುಂಬಿತು. ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಜೇನು, ಮುರುಗಲು ಸಿಪ್ಪೆ, ಹಬ್ಬದ ಹೊತ್ತಿಗೆ ತೊಡೆದೇವು ಕಳಿಸುವವರು ಹಿಂದೆ ಬಸ್ ಹಿಡಿದು ಪೇಟೆಗೆ ಬರಬೇಕಿತ್ತು. ಈಗ ಅದೇ ನಾಲ್ಕು ಅಂಗಡಿಯಲ್ಲಿ ಡಬ್ಬ ಇಟ್ಟು ಹೋಗುತ್ತಾರೆ. ಸುತ್ತಿಗೆ ಸರಾಸರಿ ಒಂಬತ್ತು, ತಿಂಗಳಿಗೆ 117. ಎಲ್ಲ ಕೆಜಿಗಟ್ಟಲೆಯ ಡಬ್ಬ, ಎದುರಿನ ಕೌಂಟರಿಗೆ ಹೋಗಲಾರದವು. ಎದುರಿನವರು ಉಪ್ಪಿನಕಾಯಿಯನ್ನಂತೂ ಸೋರುತ್ತದೆಂದು ತೆಗೆದುಕೊಳ್ಳುವುದೇ ಇಲ್ಲ. ಇಲ್ಲಿ ಎರಡು ಪದರ ಕವರ್ ಹಾಕಿ ಸೀಲ್ ಮಾಡಿದ್ದನ್ನು ನೋಡಿ ತೆಗೆದುಕೊಳ್ಳುತ್ತಾರೆ.

ಹೊಸ ದರ, ಮತ್ತು ಬಿಟ್ಟುಕೊಟ್ಟದ್ದು

ದರಪಟ್ಟಿ ಬದಲಾದದ್ದೂ ಆಗಸ್ಟ್‌ನಲ್ಲೇ. ಒಂದು ಕೆಜಿಗೆ ಮತ್ತೆ ₹90. ಅರ್ಧ ಕೆಜಿಗೆ ಹೊಸದಾಗಿ ₹65, ತೆರಿಗೆ ಸೇರಿ ₹76.70, ಎದುರಿನವರಿಗೂ ಇವರಿಗೂ ಹನ್ನೆರಡು ಪೈಸೆ ವ್ಯತ್ಯಾಸ. ಏಜೆನ್ಸಿಗೆ ಉಳಿಯುವುದು ₹23. ಬೋರ್ಡಿನಲ್ಲಿ ಎರಡೂ ದರವನ್ನು ತೆರಿಗೆ ಸೇರಿಸಿಯೇ ಬರೆಸಿದೆವು. ಇಂಧನ ಸರ್ಚಾರ್ಜ್ ಇಲ್ಲ ಎಂಬ ಸಾಲೂ ಇದೆ.

ಕೆಲವನ್ನು ಬೇಕೆಂದೇ ಬಿಟ್ಟುಬಿಟ್ಟೆವು. ಹಗುರ ಲಕೋಟೆಯಲ್ಲಿ ಅಂಚೆಯ ಜೊತೆ ಸೆಣಸುವುದು ಮೂರ್ಖತನ. ಸ್ಪೀಡ್ ಪೋಸ್ಟ್ 1986ರಿಂದ ಇದೆ. 2025ರ ಅಕ್ಟೋಬರ್ 1ರಂದು ದರ ಪರಿಷ್ಕರಣೆ ಆದ ಮೇಲೂ ಪರಊರಿಗೆ 50 ಗ್ರಾಂವರೆಗಿನ ಲಕೋಟೆಗೆ ₹47 ಮತ್ತು ಜಿಎಸ್‌ಟಿ, ದೇಶದ ಯಾವ ಮೂಲೆಗಾದರೂ. ಅಂಚೆಯಣ್ಣ ದಿನಾ ಹೋಗುವ ದಾರಿಯಲ್ಲಿ ಇನ್ನೊಂದು ಲಕೋಟೆ ಒಯ್ಯಲು ಅಂಚೆಗೆ ಹೆಚ್ಚಿನ ಖರ್ಚಿಲ್ಲ. ನಮ್ಮ ಹುಡುಗ ಅದೊಂದಕ್ಕೇ ಹೋಗಬೇಕು. 1898ರ ಅಂಚೆ ಕಾಯ್ದೆಯಲ್ಲಿ ಪತ್ರ ಸಾಗಿಸುವ ಹಕ್ಕು ಸರ್ಕಾರಕ್ಕೆ ಮಾತ್ರ ಎಂದಿತ್ತು. 2024ರ ಜೂನ್‌ನಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಆ ಮಾತಿಲ್ಲ. ಹಕ್ಕು ಹೋದರೂ ಅಂಚೆಯ ಬಲ ಹೋಗಲಿಲ್ಲ, ಏಕೆಂದರೆ ಅದು ಕಾಯ್ದೆಯಲ್ಲಿ ಇರಲಿಲ್ಲ, ದಾರಿಯಲ್ಲಿತ್ತು. ಹಳ್ಳಿಗೆ ಲಕೋಟೆ ಕಳಿಸಲು ಬಂದವರಿಗೆ ಈಗ ಅತ್ತಿಗೆ ಪೋಸ್ಟ್ ಆಫೀಸಿನ ದಾರಿ ತೋರಿಸುತ್ತಾರೆ.

ಹಾಗೆಯೇ ಇಪ್ಪತ್ತು ಮೂವತ್ತು ಕೆಜಿಯ ಮೂಟೆ. ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ 2021ರಿಂದ "ನಮ್ಮ ಕಾರ್ಗೋ" ಎಂಬ ಪಾರ್ಸೆಲ್ ಸೇವೆ ಇದೆ, ಹುಬ್ಬಳ್ಳಿಯ ವಿಆರ್‌ಎಲ್‌ನಂಥ ಲಾರಿ ಪಾರ್ಸೆಲ್‌ನವರು 1976ರಿಂದ ಇದೇ ಕಸುಬಿನಲ್ಲಿದ್ದಾರೆ. ಮನೆಗೇ ತಲುಪಬೇಕೆಂಬ ಹಟ ಇಲ್ಲದವರು ಅಲ್ಲಿಗೆ ಹೋಗುವುದೇ ಸರಿ.

ಡೆಲಿವರಿಯ ಕಡೆ ಮಾತ್ರ ಏಜೆನ್ಸಿಯ ಕೈಯಲ್ಲಿ ಏನೂ ಇಲ್ಲ. ಆನ್‌ಲೈನ್ ಮಾರಾಟದ ಕಂಪನಿಗಳು ತಮ್ಮ ಸಾಗಣೆಯನ್ನು ತಾವೇ ಮಾಡಿಕೊಳ್ಳತೊಡಗಿವೆ. ಮೀಶೊ ಕಂಪನಿ ವಾಲ್ಮೊ ಎಂಬ ಸ್ವಂತ ವ್ಯವಸ್ಥೆ ಕಟ್ಟಿದ ಮೇಲೆ, ಮೀಶೊವನ್ನೇ ದೊಡ್ಡ ಗಿರಾಕಿಯಾಗಿ ನಂಬಿದ್ದ ಈಕಾಮ್ ಎಕ್ಸ್‌ಪ್ರೆಸ್ ಎಂಬ ಕೊರಿಯರ್ ಕಂಪನಿಗೆ ಹೊಡೆತ ಬಿತ್ತು. 2025ರ ಏಪ್ರಿಲ್‌ನಲ್ಲಿ ಡೆಲ್ಹಿವರಿ ಎಂಬ ಇನ್ನೊಂದು ಕೊರಿಯರ್ ಕಂಪನಿ ಅದನ್ನು ಸುಮಾರು ₹1,400 ಕೋಟಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಸಾವಿರಾರು ಪಿನ್ ಕೋಡ್‌ಗಳಿಗೆ ಪಾರ್ಸೆಲ್ ಮುಟ್ಟಿಸುತ್ತಿದ್ದ ಕಂಪನಿಗೇ ಒಬ್ಬ ಗಿರಾಕಿಯನ್ನು ನೆಚ್ಚಿಕೊಂಡು ಈ ಗತಿಯಾದರೆ, ಹದಿನಾಲ್ಕು ರೂಪಾಯಿಗೆ ಮನೆ ಬಾಗಿಲಿಗೆ ಹೋಗುವ ಶಿರಸಿಯ ಅಂಗಡಿ ಆ ಆದಾಯವನ್ನು ನೆಚ್ಚಿಕೊಳ್ಳುವಂತಿಲ್ಲ.

ಮಳೆಗಾಲ ಇನ್ನೊಂದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ಕರಾವಳಿಯ ಏಜೆನ್ಸಿಗಳು ಪಟ್ಟ ಪಾಡು ಎಲ್ಲರಿಗೂ ಗೊತ್ತು. ನಮ್ಮ ಚೀಲ ಹುಬ್ಬಳ್ಳಿ ಕಡೆಯಿಂದ ಬರುವುದರಿಂದ ಅಷ್ಟು ಏಟಿಲ್ಲ. ಆದರೆ ದೇವಿಮನೆ ಘಟ್ಟ ಬಂದ್ ಆದರೆ ಶಿರಸಿಯಿಂದ ಕುಮಟಾಕ್ಕೆ ಹೋಗುವ ಪಾರ್ಸೆಲ್ ಊರೆಲ್ಲ ಸುತ್ತಬೇಕು. ಆ ತಿಂಗಳುಗಳಿಗೆ ಘಟ್ಟದ ಕೆಳಗಿನ ಬುಕಿಂಗ್‌ನಲ್ಲಿ "ನಾಲ್ಕು ದಿನ" ಎಂದೇ ಬರೆದುಕೊಡುತ್ತಾರೆ. ನಾಳೆ ಮುಟ್ಟುತ್ತದೆ ಎಂದು ಹೇಳಿ ಬೈಸಿಕೊಳ್ಳುವುದು ನಿಂತಿದೆ.

ನವೆಂಬರ್ ಲೆಕ್ಕ, ಡಿಸೆಂಬರ್ ಪತ್ರ

ಕೌಂಟರಿನ ಹುಡುಗಿ ಜುಲೈನಲ್ಲಿ ಹುಬ್ಬಳ್ಳಿಗೆ ಕೆಲಸಕ್ಕೆ ಹೋದಳು. ಆ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳಲಿಲ್ಲ. ಹಳ್ಳಿ ಸುತ್ತು ಇಲ್ಲದ 13 ದಿನ ಹಳ್ಳಿಯ ಹುಡುಗನೇ ಕೌಂಟರಿನಲ್ಲಿ ಕೂರುತ್ತಾನೆ. ಅವನ ಅರ್ಧ ಸಂಬಳ ಸೇರಿ ಅಂಗಡಿ ಖರ್ಚು ₹20,000ಕ್ಕೆ ಬಂತು.

ನವೆಂಬರ್‌ನಲ್ಲಿ ದಿನಕ್ಕೆ 46 ಬುಕಿಂಗ್. ಸ್ಪರ್ಧೆಗೆ ಮೊದಲಿದ್ದ 52ಕ್ಕಿಂತ ಕಡಿಮೆ. ಅದರಲ್ಲಿ 18 ಅರ್ಧ ಕೆಜಿಯವು, ತಲಾ ₹23. ಉಳಿದ 28 ಡಬ್ಬಗಳು, ಹಳ್ಳಿಯಿಂದ ಬಂದವೂ ಸೇರಿ, ತಲಾ ಸರಾಸರಿ ₹38. ತಿಂಗಳಿಗೆ ₹38,428. ಅಂಗಡಿ ಖರ್ಚು ಕಳೆದು, ಪೇಟೆ ಡೆಲಿವರಿಯ ₹1,352 ಕೂಡಿ, ಹಳ್ಳಿಯ ₹4,199 ಕಳೆದರೆ ₹15,581. ಡೆಬಿಟ್ ನೋಟ್ ₹600. ಕೈಗೆ ಉಳಿದದ್ದು ₹15,000ಕ್ಕೆ ಸ್ವಲ್ಪ ಕಡಿಮೆ. ಇಬ್ಬರ ಇಡೀ ದಿನದ ದುಡಿಮೆಗೆ ಇದು ಸಾಲದು, ನಾನು ಅದನ್ನು ಮುಚ್ಚಿಡುವುದಿಲ್ಲ. ಹಪ್ಪಳದ ಕಾಲದ ಎರಡು ತಿಂಗಳು ಹೊಸ ಡಬ್ಬದಲ್ಲಿ ಹೇಗೆ ನಡೆಯುತ್ತದೆ ಎಂಬುದರ ಮೇಲೆ ವರ್ಷದ ಲೆಕ್ಕ ನಿಂತಿದೆ.

ಡಿಸೆಂಬರ್‌ನಲ್ಲಿ ಕಂಪನಿಯಿಂದ ಪತ್ರ ಬಂತು. ಏಪ್ರಿಲ್‌ನಿಂದ ಡೆಲಿವರಿ ದರ ₹14ರ ಬದಲು ₹12. ಪೇಟೆಯಲ್ಲಿ ದಿನದ 48 ಪಾರ್ಸೆಲ್‌ಗೆ ಎರಡೆರಡು ರೂಪಾಯಿ ಕಡಿಮೆ ಎಂದರೆ ತಿಂಗಳಿಗೆ ₹2,496. ಅಲ್ಲಿದ್ದ ₹1,352 ಲಾಭ ಹೋಗಿ ₹1,144 ನಷ್ಟವಾಗುತ್ತದೆ. ಹಳ್ಳಿಯಲ್ಲಿ ಇನ್ನೂ ₹728 ಹೆಚ್ಚು ನಷ್ಟ. ಡೆಲಿವರಿ ಬಿಟ್ಟು ಬುಕಿಂಗ್ ಮಾತ್ರ ಇಟ್ಟುಕೊಳ್ಳೋಣವೇ ಎಂದು ಅಣ್ಣ ಕೇಳಿದರು. ಪೇಟೆಯದ್ದನ್ನು ಬಿಡಬಹುದು. ಹಳ್ಳಿ ಸುತ್ತು ಬಿಟ್ಟರೆ ಆ 117 ಡಬ್ಬವೂ ಹೋಗುತ್ತದೆ.

ಮೂವರೂ ಕೂತು ಒಂದು ಹಾಳೆಯ ಉತ್ತರ ಬರೆದೆವು. ಬೇಡಿಕೆ ಎರಡು: ಪೇಟೆಗೆ ₹14 ಹಾಗೇ ಇರಲಿ, ಹಳ್ಳಿಗೆ ₹20ರ ಬದಲು ₹25 ಆಗಲಿ. ಕೆಳಗೆ ಒಂದೇ ಲೆಕ್ಕ. ಹಳ್ಳಿ ದಾರಿಯಲ್ಲಿ ಎತ್ತಿದ ಆ 117 ಡಬ್ಬದಲ್ಲಿ ಕಂಪನಿಯ ಪಾಲು ಡಬ್ಬಕ್ಕೆ ಸರಾಸರಿ ₹120, ತಿಂಗಳಿಗೆ ₹14,040. ನಾವು ಕೇಳುತ್ತಿರುವ ಐದು ರೂಪಾಯಿ ಹೆಚ್ಚಳದ ಮೊತ್ತ ತಿಂಗಳಿಗೆ ₹1,820. ಈ ಹುಡುಗ ಸೋಮವಾರ, ಬುಧವಾರ, ಶುಕ್ರವಾರ ಬನವಾಸಿ ದಾರಿ ಹಿಡಿಯದಿದ್ದರೆ ಆ ಹದಿನಾಲ್ಕು ಸಾವಿರ ಹುಬ್ಬಳ್ಳಿಗೆ ಬರುವುದಿಲ್ಲ ಎಂದು ಅಣ್ಣ ಕೈಯಾರೆ ಬರೆದು ಸಹಿ ಹಾಕಿದರು. ಅತ್ತಿಗೆ ಅದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.